ಒಂದೇ ಲಾರಿಯ ಮರಳು

2022ರಲ್ಲಿ ನಾನು ಅರಸೀಕೆರೆಯ ಒಂದು ಬ್ಯಾಂಕಿನ ಪ್ಯಾನೆಲ್‌ನಲ್ಲಿ ವ್ಯಾಲ್ಯುಯರ್ ಆಗಿದ್ದೆ. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಎಂಜಿನಿಯರ್ ಆಗಿದ್ದು ನಿವೃತ್ತನಾದ ಮೇಲೆ ಹಿಡಿದ ಕೆಲಸ ಅದು. ಯಾರಾದರೂ ಮನೆ ಕೊಳ್ಳಲು ಸಾಲ ಕೇಳಿದರೆ ಬ್ಯಾಂಕು ನನ್ನನ್ನು ಕಳಿಸುತ್ತಿತ್ತು. ಹೋಗಿ ಅಳತೆ ಮಾಡಿ, ಕಟ್ಟಡದ ಗುಣಮಟ್ಟ ನೋಡಿ, ಅದರ ಬೆಲೆ ಎಷ್ಟೆಂದು ವರದಿ ಕೊಡಬೇಕು. ವರದಿ ಬ್ಯಾಂಕಿಗೆ ಮಾತ್ರ. ಈ ನಿಯಮವನ್ನು ನಾನು ಬಹಳ ನಿಷ್ಠೆಯಿಂದ ಪಾಲಿಸುತ್ತಿದ್ದೆ. ಈಗ ಅದನ್ನು ನೆನೆದರೆ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಆ ವರ್ಷ ಜೂನ್‌ನಲ್ಲಿ ಹಳೇಬೀಡಿನ ಹೊರಗಿನ ಒಂದು ಬಡಾವಣೆಗೆ ಹೋದೆ. ಮಾದಿಹಳ್ಳಿ ಕಡೆಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿದ್ದ ಲೋಕೇಶ್ ಅಲ್ಲಿ ಮನೆ ಕೊಳ್ಳುವವರಿದ್ದರು. ಅವರ ಹೆಂಡತಿ ಸುಜಾತ ಸ್ಟಾಫ್ ನರ್ಸ್. ಎರಡೂ ಕುಟುಂಬಗಳಲ್ಲಿ ಸ್ವಂತಕ್ಕೆ ಆರ್‌ಸಿಸಿ ಮನೆ ಮಾಡಿಕೊಳ್ಳುವವರಲ್ಲಿ ಇವರೇ ಮೊದಲಿಗರು. ಮಾರುವವರು ವಿಜಯಮ್ಮ, ಬಸದಿ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದವರು. ವ್ಯಾಪಾರವನ್ನು ಹಾಸನಕ್ಕೆ ಸಾಗಿಸುತ್ತಿದ್ದರು.

ನಾನು ಟೇಪು ಬಿಚ್ಚುವ ಮೊದಲೇ ಆಕೆ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದರು.

"ಮೊದ್ಲು ಇಲ್ಲಿ ನೋಡ್ಬಿಡಿ ಸಾರ್. ಆಮೇಲೆ ಅಳೀರಿ."

ಸೂರಿನಲ್ಲಿ ಕಂಬಿ ಹಾದುಹೋದ ಉದ್ದಕ್ಕೂ ಕಂದು ಗೆರೆಗಳು. ಕಾರಿನ ಕೀಲಿಯಿಂದ ಕೆರೆದರೆ ಗಾರೆ ಹಿಟ್ಟಿನಂತೆ ಉದುರಿತು. ಆಕೆ ಲ್ಯಾಬ್ ವರದಿಯನ್ನೂ ಕೈಗಿತ್ತರು. ತಾರಸಿಯ ಕಾಂಕ್ರೀಟನ್ನು ಮೂರು ಕಡೆ ಕೊರೆಸಿ ಪರೀಕ್ಷೆ ಮಾಡಿಸಿದ್ದರು. ಇಪ್ಪತ್ತು ಇರಬೇಕಾದ ಬಲ ಹನ್ನೊಂದಿತ್ತು. ಕಾರಣ ಫಿಲ್ಟರ್ ಮರಳು. ಹೊಳೆ ಮರಳು ಸಿಗದ ದಿನಗಳಲ್ಲಿ ಹೊಲದ, ಕೆರೆಯಂಗಳದ ಮಣ್ಣನ್ನು ತೊಳೆದು ಮರಳೆಂದು ಮಾರುತ್ತಿದ್ದರು. ಅದರಲ್ಲಿ ಉಳಿಯುವ ಜೇಡಿ ಸಿಮೆಂಟನ್ನು ಕಚ್ಚಿಕೊಳ್ಳಲು ಬಿಡುವುದಿಲ್ಲ. ಕಾಂಕ್ರೀಟು ನೀರು ಹೀರುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ.

"ಮುಚ್ಚಿಟ್ಟು ಮಾರಬೌದಿತ್ತಲ್ಲಮ್ಮ?" ಎಂದೆ. ಪರೀಕ್ಷಿಸಲು ಕೇಳಿದ್ದಲ್ಲ, ಆಶ್ಚರ್ಯಕ್ಕೆ ಬಾಯಿಂದ ಬಂದ ಮಾತು.

"ನಾಳೆ ಆ ಮೇಷ್ಟ್ರ ಮಕ್ಕಳ ಮೇಲೆ ಬಿದ್ರೆ? ರಿಪೇರಿ ಖರ್ಚು ಕಳ್ದು ಕೊಡ್ತೀನಿ, ಬೇಕಾದೋರು ತಗೊಳ್ಳಲಿ." ಆಮೇಲೆ ದನಿ ತಗ್ಗಿಸಿ, "ಪಕ್ಕದ ನಾಗರಾಜನ ಮನೆಗೂ ಇದೇ ಕಂಟ್ರಾಕ್ಟರು, ಇದೇ ಲಾರಿ ಮರಳು. ಈ ವರದಿ ಅವ್ನಿಗೂ ತೋರಿಸ್ದೆ. ಅವ್ನ ಮನೆ ಸುದ್ದಿ ನಾನ್ಯಾಕೆ ಊರಿಗೆ ಹೇಳ್ಲಿ" ಎಂದರು.

ಸಂಜೆ ಶಾಲೆ ಮುಗಿಸಿ ಲೋಕೇಶ್ ಬಂದರು. ವಿಜಯಮ್ಮ ಅವರಿಗೂ ಎಲ್ಲ ತೋರಿಸಿದರು. ಲೋಕೇಶರ ಮುಖ ಇಳಿದುಹೋಯಿತು. ನಾವಿಬ್ಬರೂ ಹೊರಗೆ ಬಂದಾಗ ನಾಗರಾಜನ ಗೇಟಿನಲ್ಲಿ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡಿತ್ತು. ಹೊಸ ಬಣ್ಣ, ಕಿಟಕಿಯೊಳಗೆ ಬೆಳ್ಳಗಿನ ಫಾಲ್ಸ್ ಸೀಲಿಂಗ್. ಲೋಕೇಶ್ ಅತ್ತ ನೋಡುತ್ತ ನಿಂತದ್ದನ್ನು ನಾನು ಕಂಡೆ. ಆ ಮನೆಯ ವರದಿ ಕೇಳಿ ನನ್ನನ್ನು ಯಾರೂ ಕಳಿಸಿರಲಿಲ್ಲ. ಕಾರು ಹತ್ತಿ ಜಾವಗಲ್ ದಾರಿ ಹಿಡಿದೆ.

ನನ್ನ ವರದಿ ಓದಿ ಬ್ಯಾಂಕು ಸಾಲ ನಿರಾಕರಿಸಿತು. ಸೆಪ್ಟೆಂಬರಿನಲ್ಲಿ ಲೋಕೇಶರೇ ಫೋನ್ ಮಾಡಿದರು, ಗೃಹಪ್ರವೇಶಕ್ಕೆ ಕರೆಯಲು.

"ನಿಮ್ಮಿಂದ ಬಚಾವಾದೆ ಸಾರ್. ಆಯಮ್ಮನ ಪಕ್ಕದ್ದೇ ತಗೊಂಡ್ವಿ. ಬೇರೆ ಕಡೆ ಸಾಲ ಆಯ್ತು, ಅವರ ವ್ಯಾಲ್ಯುಯರೂ ನೋಡಿ ಹೋದ್ರು. ಒಂದು ಬಿರುಕಿಲ್ಲ."

ತಕ್ಷಣ ಕೇಳಿದೆ, "ರಿಜಿಸ್ಟ್ರೇಷನ್ ಆಯ್ತಾ?"

"ಹೋದ ವಾರವೇ ಆಯ್ತು."

ಹೇಳಲೇಬೇಕಾಯಿತು. ಫಾಲ್ಸ್ ಸೀಲಿಂಗಿನ ಒಂದು ಹಲಗೆ ತೆಗೆಸಿ ಮೇಲೆ ನೋಡಿ ಎಂದೆ, ಮರಳಿನ ವಿಷಯ ತಿಳಿಸಿದೆ.

"ನಿಮಗೆ ಯಾವಾಗ ಗೊತ್ತಾಯ್ತು ಸಾರ್?"

"ಅವತ್ತೇ."

"ಅವತ್ತು ಪಕ್ಕದಲ್ಲೇ ನಿಂತಿದ್ರಲ್ಲ. ಒಂದ್ ಮಾತು ಹೇಳ್ಬಾರ್ದಿತ್ತಾ?"

ನಿಯಮ, ಗೌಪ್ಯತೆ, ಬ್ಯಾಂಕು ಎಂದು ಏನೇನೋ ತೊದಲಿದೆ. ಅವರು ಫೋನ್ ಇಟ್ಟರು. ಗೃಹಪ್ರವೇಶಕ್ಕೆ ನಾನು ಹೋಗಲಿಲ್ಲ.

ಮಾರನೇ ವರ್ಷದ ಮುಂಗಾರಿನಲ್ಲಿ ಅಡುಗೆಮನೆಯ ಸೂರಿನಿಂದ ಅಂಗೈಯಗಲದ ಕಾಂಕ್ರೀಟ್ ಚೂರುಗಳು ಕಳಚಿ, ಫಾಲ್ಸ್ ಸೀಲಿಂಗನ್ನೂ ಎಳೆದುಕೊಂಡು ಒಲೆಯ ಮೇಲೆ ಬಿದ್ದವು. ಸುಜಾತ ಡ್ಯೂಟಿಯಲ್ಲಿದ್ದರು, ಮಕ್ಕಳು ಶಾಲೆಯಲ್ಲಿದ್ದರು. ಲೋಕೇಶ್ ಕೇಳಲು ಹೋದಾಗ ನಾಗರಾಜ, "ಏನ್ ಮೇಷ್ಟ್ರೇ, ನೋಡಿ ತಾನೇ ತಗೊಂಡಿದ್ದು? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ" ಎಂದನಂತೆ.

ಆ ಮಾತು ಕೇಳಿ ನನಗೆ ಮೈ ಉರಿಯಿತು. ನಾನು ಫೋನಿನಲ್ಲಿ ತೊದಲಿದ್ದರಲ್ಲಿ ಇದಕ್ಕಿಂತ ಬೇರೆ ಏನಿತ್ತು?

ಕಾನೂನು ಇದೆ. ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಅದನ್ನು ಅವರು ತಿಳಿಸಲೇಬೇಕು. ಆದರೆ ಗೊತ್ತಿತ್ತು ಎಂಬುದನ್ನು ಸಾಬೀತು ಮಾಡುವ ಹೊರೆ ಮೋಸಹೋದವರದು. ಲೋಕೇಶ್ ಕೋರ್ಟಿಗೆ ಹೋದರು. ವಿಜಯಮ್ಮ ಹಾಸನದಿಂದ ಬಂದು, ತಾವು ನಾಗರಾಜನಿಗೆ ವರದಿ ತೋರಿಸಿದ್ದು ನಿಜವೆಂದು ಸಾಕ್ಷಿ ಹೇಳಿದರು. ನಾನೂ ಕಟಕಟೆ ಹತ್ತಿದೆ. ಆಮೇಲೆ ವಾಯಿದೆಯ ಮೇಲೆ ವಾಯಿದೆ. ವಕೀಲರಿಗೆ ಜ್ವರ, ನಾಗರಾಜ ಊರಲ್ಲಿಲ್ಲ, ಇನ್ನೊಂದು ತಾರೀಕು. ನಾನು ಇದನ್ನು ಬರೆಯುವ ಹೊತ್ತಿಗೂ ತೀರ್ಪು ಬಂದಿಲ್ಲ. ನಿಜ ಹೇಳಿದ ವಿಜಯಮ್ಮ ತಾರಸಿ ಒಡೆಸಿ ಹೊಸದಾಗಿ ಹಾಕಿಸಿ, ಕೊನೆಗೆ ನಷ್ಟಕ್ಕೇ ಮಾರಿದರು. ನಿಜ ಮುಚ್ಚಿಟ್ಟವನು ಹಗರೆಯ ಹತ್ತಿರ ಎರಡು ಸೈಟು ಕೊಂಡ.

ಈಗ ಯಾವ ಮನೆ ನೋಡಲು ಹೋದರೂ ಕಂಡದ್ದನ್ನು ಕೊಳ್ಳುವವರ ಎದುರಿಗೇ ಹೇಳುತ್ತೇನೆ, ಪಕ್ಕದ ಮನೆಯದಾದರೂ. ಅದಕ್ಕಾಗಿ ಒಂದು ಪ್ಯಾನೆಲ್‌ನಿಂದ ನನ್ನ ಹೆಸರು ಹೋಗಿದೆ. ಹೋಗಲಿ. ಆದರೆ ಈ ಬುದ್ಧಿ ಮೂವತ್ತೊಂದು ವರ್ಷದ ನೌಕರಿಯಲ್ಲಿ ಬಂದದ್ದಲ್ಲ, ಇನ್ನೊಬ್ಬರ ಮನೆ ಹಾಳಾದ ಮೇಲೆ ಬಂದದ್ದು.

ಹೋದ ತಿಂಗಳು ಕೇಸಿನ ಇನ್ನೊಂದು ಕಾಗದಕ್ಕೆ ಸಹಿ ಹಾಕಲು ಲೋಕೇಶರ ಮನೆಗೆ ಹೋಗಿದ್ದೆ. ಹಾಲ್‌ನಲ್ಲಿ ಆರು ಕಬ್ಬಿಣದ ಜಾಕುಗಳು ತಾರಸಿಯನ್ನು ಹೊತ್ತು ನಿಂತಿದ್ದವು. ಲೋಕೇಶ್ ಸರಿಯಾಗಿ ಮಾತಾಡಲಿಲ್ಲ, ಕಾಗದ ಮುಂದಿಟ್ಟು ಒಳಗೆ ಹೋದರು. ನಾನು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂರಲು ಹೋದೆ. ಕಾಫಿ ಲೋಟ ಹಿಡಿದು ಬಂದ ಸುಜಾತ ತಡೆದರು.

"ಅಲ್ಲಿ ಬೇಡ ಸಾರ್, ಮೇಲಿಂದ ಉದುರ್ತದೆ. ಈ ಕಡೆ ಬನ್ನಿ."

ನಾನು ಕೇಳಿರಲಿಲ್ಲ. ಆಕೆ ಹೇಳಿದರು.