ಕೆಂಪು ದಾರದ ಕೀಲಿ

ಕಾಕಾರ ಎಡಹುಬ್ಬಿನ ಅರ್ಧ ಮತ್ತೆ ಬೆಳೆಯಲೇ ಇಲ್ಲ. ಕೇಳಿದವರಿಗೆಲ್ಲ, "ರಾಕೆಟ್ ಒಯ್ದೈತ್ರೀ, ಈಗ ಚಂದ್ರನ ಮ್ಯಾಗ ಐತಿ," ಎನ್ನುತ್ತಿದ್ದರು. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಬೀದರ್ ಕಡೆಯವರು, ಸನತ್‌ನಗರದ ಶೆಡ್ಡೊಂದರಲ್ಲಿ ಲೇತ್ ಮಿಸ್ತ್ರಿ. ಹೈದರಾಬಾದೆಲ್ಲ ಸಾಫ್ಟ್‌ವೇರಿನ ಹಿಂದೆ ಓಡುತ್ತಿದ್ದ ವರ್ಷಗಳಲ್ಲಿ ನಾವು ಹತ್ತು ಹನ್ನೆರಡು ಕಂಪ್ಯೂಟರ್ ಮಂದಿ ಪುಟ್ಟ ರಾಕೆಟ್ ಹಾರಿಸುವ ಸಂಘ ಕಟ್ಟಿಕೊಂಡಿದ್ದೆವು. ರಾಕೆಟ್ಟಿನ ಮರದ ಮೂತಿಗಳನ್ನು ಅವರು ತಮ್ಮ ಲೇತ್ ಯಂತ್ರದಲ್ಲಿ ಕಡೆದು ಕೊಡುತ್ತಿದ್ದರು. ಭಾನುವಾರ ಊರಾಚೆಯ ಬಯಲಿಗೂ ಬರುತ್ತಿದ್ದರು. ಅಲ್ಲಿ ಕನ್ನಡದವರು ನಾವಿಬ್ಬರೇ. ಅವರಿಗೆ ನಾನು ತಂಗಿ, ನನಗೆ ಅವರು ಕಾಕಾ.

ಅವರದೊಂದು ಕಟ್ಟಳೆಯಿತ್ತು. ರಾಕೆಟ್ ಹೊತ್ತಿಸುವ ಬ್ಯಾಟರಿ ಡಬ್ಬಿಯ ಕೀಲಿಗೆ ಕೆಂಪು ದಾರ ಕಟ್ಟಿದ್ದರು. ಕೀಲಿ ತೆಗೆದರೆ ಗುಂಡಿ ಒತ್ತಿದರೂ ರಾಕೆಟ್ ಹೊತ್ತದು. ರಾಕೆಟ್ಟಿನ ಬಳಿ ಹೋಗುವವರು ಕೀಲಿ ತೆಗೆದು ಕೊರಳಿಗೆ ಹಾಕಿಕೊಂಡೇ ಹೋಗಬೇಕು. "ಕೊಳ್ಳಾಗ ದಾರ ಕಾಣ್ಲಿಲ್ಲಂದ್ರ ಯಾರೂ ಏಳಬ್ಯಾಡ್ರಿ."

ಆ ದಿನ ಡಬ್ಬಿ ನನ್ನ ತೊಡೆಯ ಮೇಲಿತ್ತು. ಮೂರನೆಯ ರಾಕೆಟ್ಟಿಗೆ ಗುಂಡಿ ಒತ್ತಿದೆ, ಹೊತ್ತಲಿಲ್ಲ. ವೈರು ಸಡಿಲಾಗಿದೆಯೆಂದು ಕಾಕಾ ಎದ್ದರು. ಅಷ್ಟರಲ್ಲಿ ಆಫೀಸಿನಿಂದ ಫೋನು, ಬೆಳಗಿನಿಂದ ಐದನೆಯದು. ಮೂರನೆಯದೂ ಇರಬಹುದು, ಈಗ ಆಣೆ ಮಾಡಲಾರೆ.

"ತಂಗಿ, ಕೀಲಿ ತಗದಿಯೇನು?"

"ತಗದೀನಿ, ಹೋಗ್ರೀ ಕಾಕಾ!"

ಕೀಲಿಗೆ ಕೈ ಚಾಚಿದ್ದವರು, ನಾನು ಫೋನಿನಲ್ಲಿ ಕೂಗಾಡುವುದನ್ನು ನೋಡಿ ಬರಿಗೊರಳಲ್ಲೇ ಹೋದರು. ಕೀಲಿ ಡಬ್ಬಿಯಲ್ಲೇ ಇತ್ತು, ನನ್ನ ಮೊಣಕೈ ಗುಂಡಿಯ ಮೇಲೆ. ಅವರು ವೈರು ಸರಿಪಡಿಸಿದ್ದೇ ತಡ, ರಾಕೆಟ್ ಬೆಂಕಿ ಕಾರುತ್ತ ಭುಸ್ಸೆಂದು ಎದ್ದಿತು. ಎಲ್ಲರೂ ಆಕಾಶ ನೋಡಿ ಚಪ್ಪಾಳೆ ತಟ್ಟಿದರು. ಅವರು ಮುಖ ಮುಚ್ಚಿಕೊಂಡು ನೆಲದ ಮೇಲೆ ಕುಳಿತಿದ್ದರು.

"ಕೀಲಿ ಬಿಟ್ಟದ್ದು ಯಾರು?" ಸಂಘದ ಮುಖ್ಯಸ್ಥ ಓಡಿಬಂದು ಕೇಳಿದ.

ನಾನು ಬಾಯಿ ತೆರೆದೆನೇ? ತೆರೆದೆನೆಂದು ನಂಬಲು ಇಷ್ಟ. "ಮೈಚ್ ಭೂಲ್ ಗಯಾ, ಸಾಬ್," ನಾನೇ ಮರೆತೆ, ಎಂದರು ಕಾಕಾ.

ಅಂದಿನಿಂದ ಅವರು ರಾಕೆಟ್ಟಿನ ಸುತ್ತ ಕಟ್ಟುವ ಹಗ್ಗ ದಾಟುವಂತಿಲ್ಲವೆಂದು ಸಂಘ ತೀರ್ಮಾನಿಸಿತು. ತಾವೇ ಕಡೆದ ಮೂತಿಗಳು ಏರುವುದನ್ನು ದೂರದಲ್ಲಿ ನಿಂತು, ಆ ಅರ್ಧ ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು.

ನಿಜ ಹೇಳಲು ಒಮ್ಮೆ ಶೆಡ್ಡಿಗೆ ಹೋದೆ. "ಕಾಕಾ, ಆವತ್ತ ಕೀಲಿ..." ಎನ್ನುವಷ್ಟರಲ್ಲಿ ಲೇತ್ ಚಾಲೂ ಮಾಡಿದರು. "ಏನಂದಿ? ಏನೂ ಕೇಳ್ಸವಲ್ದು ನೋಡು!" ಎಂದು ನಕ್ಕರು. ಹಗುರಾಗಿ ಮನೆಗೆ ಬಂದೆ. ಆ ಹಗುರವೇ ಈಗ ಕೂತಲ್ಲಿ ಕೂರಗೊಡುವುದಿಲ್ಲ. ಲೇತ್ ನಿಲ್ಲುವವರೆಗೆ ಕಾಯಬಹುದಿತ್ತಲ್ಲ?

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಹಳೆಯ ಡೈರಿ ತೆಗೆದೆ. ಆ ಭಾನುವಾರದ ಕೆಳಗೆ ನನ್ನದೇ ಅಕ್ಷರ: "ಮಿಸ್ತ್ರಿ ಕೀಲಿ ಮರೆತರು."

ಅದನ್ನು ಹೊಡೆದುಹಾಕಿಲ್ಲ. ಕೆಳಗೆ ಬರೆದಿದ್ದೇನೆ: ಕೀಲಿ ಡಬ್ಬಿಯಲ್ಲಿತ್ತು. ಡಬ್ಬಿ ನನ್ನ ತೊಡೆಯ ಮೇಲಿತ್ತು.