ತಿಕ್ಕಲು ಡ್ರಾಯರಿನ ಚೀಟಿಯಮ್ಮ

ಬೆಳಗಿನ ಆರೂಕಾಲು. ನಿಘಂಟು ಕಚೇರಿಯ ಮೂರನೇ ಮಹಡಿಯಲ್ಲಿ ಚೀಟಿಯಮ್ಮ ಪೂರ್ವದ ಕಿಟಕಿ ತೆರೆದು, ಹಳೆಯ ಕಾರ್ಡೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದಿದ್ದಾರೆ. ಮಾಸಿದ ಪೆನ್ಸಿಲ್ ಬರಹ ಕಾಣುವುದು ಎಳೆಬಿಸಿಲು ಅಡ್ಡ ಬಿದ್ದಾಗ ಮಾತ್ರ. "ಏಳರ ಮೇಲೆ ಬಂದ್ರೆ ಬರೀ ಹಳದಿ ಕಾಗದ ನೋಡ್ಕೊಂಡು ಕೂರ್ಬೇಕು" ಎನ್ನುತ್ತಾರೆ.

ಮೂವತ್ತೆಂಟು ವರ್ಷಗಳ ಹಿಂದೆ ಇವರು ಬಂದದ್ದು ಕಪಾಟಿನ ದೂಳು ಒರೆಸಲು. ಆಗ ಇಲ್ಲಿ ಹನ್ನೆರಡು ಮೇಜು, ಹನ್ನೆರಡು ಜನ, ದಿನವಿಡೀ ವಾದ. ಈಗ ಉಳಿದಿರುವುದು ಒಂದೇ ಮೇಜು. ಅಂದಿನ ಸಂಪಾದಕರನ್ನು ಎಲ್ಲರೂ ದೊಡ್ಡಸಾರ್ ಎನ್ನುತ್ತಿದ್ದರು. "'ನೀನು ಒರೆಸೋದಕ್ಕಿಂತ ಓದೋದೇ ಜಾಸ್ತಿ, ತಗೋ' ಅಂತ ಈ ಡ್ರಾಯರ್ ಕೊಟ್ರು." ಅದರೊಳಗಿರುವುದು ವಿಚಿತ್ರ ಸ್ವಭಾವದವರನ್ನು ಕರೆಯುವ ಇಂಗ್ಲಿಷ್ ಆಡುಮಾತುಗಳು. ಒಂದೊಂದು ಮಾತಿಗೂ ಅದು ಎಲ್ಲಿಂದ ಬಂತೆಂದು ಬರೆದ ಒಂದೊಂದು ಕಾರ್ಡು, ಒಟ್ಟು ಇನ್ನೂರ ಹನ್ನೆರಡು.

"ಕ್ರ್ಯಾಕ್‌ಪಾಟ್ ಅಂದ್ರೆ ಬಿರುಕು ಬಿಟ್ಟ ಮಡಕೆ. ಪಾಟ್ ಅಂದ್ರೆ ತಲೆ ಅಂತಾನೂ ಇತ್ತು. ಬಾರ್ಮಿ ಬಂದಿದ್ದು ಬಿಯರ್ ಹುದುಗುವಾಗ ಬರೋ ನೊರೆಯಿಂದ. ತಲೇಲೂ ನೊರೆ ಉಕ್ಕುತ್ತಂತೆ! ಲೂನಿ ಚಂದ್ರನ ಕಡೆಯೋನು, ಲ್ಯಾಟಿನ್ನಲ್ಲಿ ಲೂನಾ ಅಂದ್ರೆ ಚಂದ್ರ." ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. "ನಿನ್ನ ಕಾರ್ಡೂ ಅದ್ರಲ್ಲೇ ಇರ್ಬೇಕಮ್ಮ ಅಂತ ಮಗಳು ರೇಗಿಸ್ತಾಳೆ. ಇದ್ರೂ ಇರ್ಲಿ ಬಿಡಿ."

ಇಲ್ಲಿಯ ನಿಯಮ ಒಂದೇ. ಪುರಾವೆ ಸಿಕ್ಕ ಮೂಲ ಇಂಕಿನಲ್ಲಿ, ಊಹೆ ಪೆನ್ಸಿಲಿನಲ್ಲಿ. ಚೀಟಿಯಮ್ಮ ಅದನ್ನು ಒಮ್ಮೆ ಮುರಿದಿದ್ದಾರೆ. ಟೋಪಿ ಮಾಡುವವರಿಗೆ ಪಾದರಸದ ಹೊಗೆ ತಾಗಿ ತಲೆ ಕೆಡುತ್ತಿತ್ತು, 'ಮ್ಯಾಡ್ ಆಸ್ ಎ ಹ್ಯಾಟರ್', ಅಂದರೆ ಟೋಪಿ ಮಾಡುವವನಷ್ಟು ಹುಚ್ಚ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ ಎಂದು ಇಂಕಿನಲ್ಲಿ ಬರೆದುಬಿಟ್ಟರು. ಅಚ್ಚೂ ಆಯಿತು. ಕಾಯಿಲೆ ನಿಜ, ಆದರೆ ಮಾತು ಅದರಿಂದಲೇ ಬಂತು ಎನ್ನಲು ಪುರಾವೆ ಸಾಲದೆಂದು ಆಮೇಲೆ ತಿಳಿಯಿತು.

"ಕಥೆ ಚೆನ್ನಾಗಿತ್ತಲ್ಲ, ನಂಬ್ಬಿಟ್ಟೆ. ದೊಡ್ಡಸಾರ್ ಬೈಲೇ ಇಲ್ಲ. ತಿದ್ದೋಲೆ ತಾವೇ ಬರೆದು, ತಪ್ಪು ನನ್ನದು ಅಂತ ಸಹಿ ಹಾಕಿದ್ರು. ಬೈದಿದ್ರೆ ಎಷ್ಟೋ ವಾಸಿಯಾಗಿತ್ತು."

ದೊಡ್ಡಸಾರ್ ಈಗಿಲ್ಲ. ನಾಡಿದ್ದು ಕಾರ್ಡುಗಳೆಲ್ಲ ಯಂತ್ರಕ್ಕೆ ಹೋಗಿ ಕಂಪ್ಯೂಟರಿಗೆ ಸೇರುತ್ತವೆ, ಕಾಗದ ರದ್ದಿಗೆ. ಯಂತ್ರಕ್ಕೆ ಪೆನ್ಸಿಲ್ ಕಾಣುವುದಿಲ್ಲ. ಪೆನ್ಸಿಲಿನಲ್ಲೇ ಉಳಿದಿರುವ ಎಪ್ಪತ್ತೆರಡು ಮಾತುಗಳ ಮೂಲ ಹಾಗೆಯೇ ಅಳಿಸಿಹೋಗುತ್ತದೆ. "ಮೇಲೆ ಪೆನ್ನಾಡಿಸಿ ಕೊಡಿ, ಯಾರು ನೋಡ್ತಾರೆ?" ಎಂದಿದ್ದಾರೆ ಹೊಸ ಅಧಿಕಾರಿ. ಊಹೆಗೆ ಇಂಕು ಹಾಕಿದರೆ ಮತ್ತೆ ಅದೇ ತಪ್ಪು. ಹಾಕದಿದ್ದರೆ ಅರ್ಧ ಆಯುಷ್ಯದ ಹುಡುಕಾಟ ನೀರಿನಲ್ಲಿ ಹೋಮ. ಮೂರು ರಾತ್ರಿ ನಿದ್ದೆ ಬರಲಿಲ್ಲವಂತೆ.

ಇಂದು ಅವರು ಪೆನ್ನು ತೆರೆದಿದ್ದಾರೆ. ಮೊದಲ ಕಾರ್ಡು 'ಕೂಕ್', ಅಂದರೆ ತಿಕ್ಕಲ. ಕುಕ್ಕೂ ಹಕ್ಕಿಯಿಂದ ಬಂದಿರಬಹುದು ಎಂಬ ಊಹೆಯನ್ನು ಇಂಕಿನಲ್ಲಿ ತೀಡುವ ಮೊದಲು, ಕಾರ್ಡಿನ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ ಬರೆಯುತ್ತಾರೆ: 'ಖಚಿತವಾಗಿ ಗೊತ್ತಿಲ್ಲ.' ಎಪ್ಪತ್ತೆರಡಕ್ಕೂ ಹೀಗೆಯೇ. ಕೆಳಗೆ ತಮ್ಮ ಸಹಿ.

"ಈ ಸಲ ತಪ್ಪಾದ್ರೆ ಬೇರೆ ಯಾರೂ ಹೊತ್ಕೋಬೇಕಾಗಿಲ್ಲ."