ಬೇಲಿಯ ಬುಡದ ಹತ್ತು ಮೊಟ್ಟೆ

ನಮ್ಮಕ್ಕ ಪಿಚ್ಚೈಯಮ್ಮಾಳ್ ಬಾಯಿಬಡಕಿ ಅಂತ ಉತ್ತಮಪಾಳಯದ ಸುತ್ತಿನ ಜನ ಈಗಲೂ ಆಡಿಕೊಳ್ಳುತ್ತಾರೆ. ಅವರ ಬಾಯಿಗೆ ಮಣ್ಣು ಬೀಳ. ನಾನು ಅವಳ ಓರಗಿತ್ತಿ ಕಮಲಮ್ಮಾಳ್, ಇಪ್ಪತ್ತು ವರ್ಷ ಅವಳ ಜೊತೆ ಒಂದೇ ಒಲೆಯ ಅನ್ನ ಉಂಡವಳು. ಅವಳಿಗೆ ಆ ಹೆಸರು ಅಂಟಿದ್ದು ನನ್ನಿಂದ.

ಅಕ್ಕನಿಗೆ ಹುಟ್ಟಿದ ಮೂರರಲ್ಲಿ ಉಳಿದದ್ದು ತಿಲಗವತಿ ಒಬ್ಬಳೇ. ಆ ಕೂಸು ನಾಲ್ಕಕ್ಷರ ಕಲಿಯಬೇಕು, ನಮ್ಮ ಹಾಗೆ ಹೆಬ್ಬೆಟ್ಟಾಗಬಾರದು ಅನ್ನುವುದೊಂದೇ ಅವಳ ಆಸೆ. ಮನೆಯ ಗಂಡಸರು ಬೈದರೂ ನಮ್ಮ ಹೊಲದ ಪಕ್ಕದ ಪಾದ್ರಿಗಳ ಶಾಲೆಗೆ ಕಳಿಸಿದಳು. ಅಲ್ಲಿ ಕಲಿಸುತ್ತಿದ್ದವಳು ತಂಗಮ್ಮಾಳ್, ಕಿರಿಸ್ತಾನಿ ಹೆಂಗಸು. ಅವಳಿಗೆ ಹಬ್ಬಕ್ಕೆ ಮೊಟ್ಟೆ ಬೇಕಂತ ತಿಲಗ ಹೇಳಿದಾಗ ಅಕ್ಕ ನಮ್ಮ ಕೋಳಿಯದೇ ಹತ್ತು ಮೊಟ್ಟೆ ಕೊಟ್ಟು ಕಳಿಸಿದಳು. ಹಬ್ಬಕ್ಕೆ ಮೊಟ್ಟೆ ಯಾಕೆ ಅಂತ ನಾವು ಕೇಳಲಿಲ್ಲ.

ಮಲೆಯ ಮೇಲೆ ಕಟ್ಟಿದ ಅಣೆಕಟ್ಟೆಯಿಂದ ಹೊಸ ನೀರು ನಮ್ಮ ಹೊಳೆಗೆ ಇಳಿದ ಮರುವರ್ಷ ಅದು. ಭಾನುವಾರ ಬೆಳಿಗ್ಗೆ ಹುಲ್ಲು ಕೊಯ್ಯಲು ಹೋದ ನಾನೇ ಮೊದಲು ಕಂಡೆ. ಶಾಲೆಗೂ ನಮಗೂ ನಡುವಿನ ಬೇಲಿಯ ಬುಡದಲ್ಲಿ ಅಲ್ಲೊಂದು ಇಲ್ಲೊಂದು ಮೊಟ್ಟೆ. ಕೆಲವು ಅರಿಶಿನದ ಬಣ್ಣ, ಕೆಲವು ಈರುಳ್ಳಿ ಸಿಪ್ಪೆಯ ಕೆಂಪು. ಸುತ್ತ ಕೆಂಪು ದಾರ, ಮೇಲೆ ಬಿಳಿ ಬರಹ. ನಮ್ಮ ಕಡೆ ಮೊಟ್ಟೆಯ ಮೇಲೆ ಬರೆದು ದಾರ ಸುತ್ತಿ ಇಟ್ಟರೆ ಅದು ಮಾಟ, ಮನೆಯ ಮಕ್ಕಳನ್ನು ತಿನ್ನಲು ಇಟ್ಟದ್ದು.

ಓಡಿ ಬಂದು, "ಅಕ್ಕಾ, ಆ ತಂಗಮ್ಮಾಳು ತಿಲಗನಿಗೆ ಮಾಟ ಮಾಡವ್ಳೆ," ಅಂದೆ. ಪೊರಕೆ ಕೈಗೆ ಕೊಟ್ಟವಳೂ ನಾನೇ.

ಎರಡು ಮಕ್ಕಳನ್ನು ಮಣ್ಣಿಗಿಟ್ಟ ತಾಯಿಗೆ ಇನ್ನೇನು ಬೇಕು? ಮೊಟ್ಟೆಗಳನ್ನೆಲ್ಲ ಗುಡಿಸಿ ಹಾದಿಗೆ ತಂದು ಕಲ್ಲಿನಿಂದ ಜಜ್ಜತೊಡಗಿದಳು. ಊರಿಗೆಲ್ಲ ಕೇಳುವಂತೆ ತಂಗಮ್ಮಾಳಿನ ವಂಶವನ್ನೇ ಎತ್ತಿ ಆಡಿದಳು. ಅಷ್ಟರಲ್ಲಿ ಪುಟ್ಟಿ ಹಿಡಿದ ಮಕ್ಕಳ ಜೊತೆ ತಂಗಮ್ಮಾಳ್ ಬಂದು ನಿಂತಳು. ಇದು ಅವರ ದೇವರು ಸತ್ತು ಎದ್ದ ಹಬ್ಬದ ಆಟವಂತೆ, ಬಚ್ಚಿಟ್ಟ ಮೊಟ್ಟೆಯನ್ನು ಮಕ್ಕಳು ಹುಡುಕುವುದಂತೆ. ಬೇಯಿಸಿದ ಮೊಟ್ಟೆಯ ಮೇಲೆ ಮೇಣದಲ್ಲಿ ಒಬ್ಬೊಬ್ಬರ ಹೆಸರು ಬರೆದು, ಆರಿದ ಬಣ್ಣದ ನೀರಲ್ಲಿ ಅದ್ದಿ, ಚಂದಕ್ಕೆ ದಾರ ಸುತ್ತಿದ್ದಳಂತೆ. ಮಕ್ಕಳಿದ್ದದ್ದು ತಿಲಗ ಸೇರಿ ಒಂಬತ್ತು ಜನ.

ಜಜ್ಜದೆ ಉಳಿದದ್ದು ಒಂದೇ ಮೊಟ್ಟೆ. ತಿಲಗ ಅದನ್ನೆತ್ತಿ ಅಕ್ಷರ ಕೂಡಿಸಿ ಓದಿದಳು.

"ಅವ್ವಾ, ಇದು ನಿನ್ನ ಹೆಸರು."

ಅಕ್ಕನ ಕೈಯಲ್ಲಿ ಕಲ್ಲು ಇನ್ನೂ ಇತ್ತು. ಅವಳ ಮುಖ ನೋಡಲಾಗದೆ ನಾನು ತಲೆ ತಗ್ಗಿಸಿದೆ.

"ತಪ್ಪು ನನ್ನದಕ್ಕಾ, ಮೊದಲೇ ಹೇಳಬೇಕಿತ್ತು," ಅಂದಳು ತಂಗಮ್ಮಾಳ್. ಆಮೇಲೆ ಕೇಳಿದಳು: "ಮಾಟ ಅಂತ ನಿಮಗೆ ಯಾರು ಹೇಳಿದರು?"

ನಾನು ಬಗ್ಗಿ ಚಿಪ್ಪು ಹೆಕ್ಕತೊಡಗಿದೆ. ಅಕ್ಕ ನನ್ನ ಕಡೆ ಒಂದು ಸಲ ನೋಡಿದಳು.

"ನಂಗೇ ಹಂಗನ್ನಿಸ್ತು," ಅಂದಳು.

ತಿಲಗನ ಶಾಲೆ ನಿಲ್ಲಲಿಲ್ಲ, ಮಗಳನ್ನು ಬಿಡಿಸಬೇಡಿ ಅಂತ ತಂಗಮ್ಮಾಳ್ ಮರುದಿನವೇ ಹೇಳಿ ಕಳಿಸಿದಳು. ಆದರೆ ಅಕ್ಕ ಮತ್ತೆಂದೂ ಆ ಹಾದಿ ತುಳಿಯಲಿಲ್ಲ. ವರ್ಷವರ್ಷವೂ ಹಬ್ಬಕ್ಕೆ ಹತ್ತು ಮೊಟ್ಟೆ ಮಗಳ ಕೈಲಿ ಕಳಿಸುವಳು, ತಾನು ಹೋಗಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಸತ್ತಾಗ ತಂಗಮ್ಮಾಳ್ ಬಂದು ನನ್ನ ಪಕ್ಕದಲ್ಲಿ ಕೂತು, "ಪಾಪ, ಸಿಟ್ಟು ಜಾಸ್ತಿ, ಮನಸ್ಸು ಒಳ್ಳೇದು," ಅಂದಳು. ನಾನು ಹೌದೆಂದು ತಲೆಯಾಡಿಸಿದೆ.